ತಾಯಪ್ಪನಿಗೆ ಬರೀ ಪ್ಯಾದೆಗಳು

ಶಹಾಪುರ, ೧೨ ಫೆಬ್ರವರಿ ೧೯೫೦, ರವಿವಾರ

ಊಟ ರುಚಿಸಲಿಲ್ಲ. ಬೀರಣ್ಣ ಕಾಕಾ ಇವತ್ತು ಊರಿಗೆ ಹೊಸದಾಗಿ ಬಂದ ತಾಯಪ್ಪ ಮಾಸ್ತರನಿಗೆ ಶತರಂಜ ಕಲಿಸಿದರು. ಮಣೆಯ ಮೇಲೆ ಬರೀ ಪ್ಯಾದೆಗಳು, ಕಾಲಾಳುಗಳು. ಆನೆಯಿಲ್ಲ, ಕುದುರೆಯಿಲ್ಲ, ವಜೀರನೂ ಇಲ್ಲ.

"ಮೊದಲ ಇವನ್ನ ನಡಸ್ರಿ ಮಾಸ್ತರ, ಉಳಿದದ್ದು ಆಮ್ಯಾಲ ನೋಡೋಣ," ಅಂದರು. ಆತ ತಪ್ಪು ನಡೆಸಿದರೆ ಕಾಯಿಯನ್ನು ತಾವೇ ಹಿಂದಿಟ್ಟು ಕೊಟ್ಟರು. ಹಿಂದಿಟ್ಟು!

ನನಗೆ? ಮೊದಲ ದಿನವೇ ಇಡೀ ದಂಡು. ನಾನು ಗೆಲ್ಲುವ ಹೊತ್ತಿಗೆ ಅವರ ಬಾದಶಾ ಕುದುರೆಯಂತೆ ಜಿಗಿದು ತಪ್ಪಿಸಿಕೊಂಡ. ನಮ್ಮ ಕಡೆಯ ಆಟದಲ್ಲಿ ಅವನು ಒಮ್ಮೆ ಹಾಗೆ ಜಿಗಿಯಬಹುದೆಂಬ ಕಾಯಿದೆ ನನಗೆ ತಿಳಿದದ್ದೇ ಆಗ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನಿಜಾಮನ ರಾಜ್ಯ ಹೋಯಿತು, ಆ ನಗು ಹೋಗಿಲ್ಲ.

ಹೊರಡುವಾಗ ತಡೆಯಲಾಗದೆ ಕೇಳಿಯೇಬಿಟ್ಟೆ. "ನನಗ್ಯಾಕ ಹಿಂಗ ಕಲಿಸಲಿಲ್ಲ ಕಾಕಾ?"

"ನಿನಗ ಕಲಿಸಿದ ಮ್ಯಾಲ ಅಲ್ಲೇನೋ ತಿಮ್ಮಣ್ಣ, ಹೆಂಗ ಕಲಿಸಬಾರದಂತ ನನಗ ತಿಳಿದದ್ದು!"

ಅಂದರೆ ಪೆಟ್ಟು ನನ್ನದು, ಅದರ ಲಾಭ ತಾಯಪ್ಪನದು.

ಮುಂದಿನ ರವಿವಾರ ಪೂರ್ತಿ ದಂಡು ಹೂಡಿ ನನ್ನ ಜೊತೆ ಆಡುತ್ತಾನಂತೆ. ಬಾದಶಾ ಜಿಗಿಯುವ ವಿಷಯ ಅವನಿಗೆ ಇನ್ನೂ ಯಾರೂ ಹೇಳಿಲ್ಲ.

ನಾನಂತೂ ಹೇಳುವವನಲ್ಲ.