ಯಾರೂ ಮುಟ್ಟದ ವಾಲ್ವ್

ಹದಿನಾಲ್ಕನೇ ತಾರೀಖು, ಮಂಗಳವಾರ

ಸಮಸ್ತ ಸಮುದ್ರಜಲ ಕೊಳವೆಗಳ ಏಕಚ್ಛತ್ರಾಧಿಪತಿ, ಲೋಳೆಕುಲಸಂಹಾರಕ, ಕ್ಲೋರಿನ್ ಕೋಣೆಯ ಸಾರ್ವಭೌಮ, ಸದ್ಯಕ್ಕೆ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ವಿರಾಜಮಾನರಾಗಿರುವ ಶ್ರೀಮನ್ಮಹಾ ಚಿಕ್ಕಪ್ಪನವರ ಪಾದಗಳಿಗೆ ಅಣ್ಣನ ಮಗಳ ಉದ್ದಂಡ ನಮಸ್ಕಾರಗಳು.

ಪತ್ರ ತಡವಾಯಿತು. ಕೈನೋವು ಅಂತ ಸುಳ್ಳು ಹೇಳೋಣವೆಂದಿದ್ದೆ, ನೀವು ನಂಬುವುದಿಲ್ಲ. "ನನ್ನ ಎರಡನೇ ನಂಬರ್ ಕೂಲರ್ ಹೇಗಿದ್ದಾಳೆ? ನನ್ನ ಜಾಗ ಇದೆ ತಾನೇ?" ಅಂತ ಚಿಕ್ಕಮ್ಮನ ಕೈಲಿ ಫೋನ್ ಮಾಡಿಸಿದ್ದಿರಿ. ಮೊದಲನೆಯದಕ್ಕೆ ಉತ್ತರ ಹೇಳಿಬಿಡುತ್ತೇನೆ: ಸಮುದ್ರದ ನೀರು ಕುಡಿದು ಕಾರ್ಖಾನೆಯ ಯಂತ್ರಗಳನ್ನು ತಂಪಾಗಿಡುತ್ತಿದ್ದ ನಿಮ್ಮ ಕೂಲರ್ ಹೋಯಿತು.

ನಿಮ್ಮನ್ನು ಆಂಬುಲೆನ್ಸಿಗೆ ಹತ್ತಿಸಿದ ದಿನ ಅದರ ಪಂಪು ನಿಲ್ಲಿಸಿದೆವು. ಪಂಪು ನಿಂತರೆ ಉಪ್ಪುನೀರು ಬಸಿದು, ಸಿಹಿನೀರಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಬೇಕು. ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳುತ್ತೇವೆ. "ನೀರು ಹರಿಯೋವರೆಗೂ ಕ್ಲೋರಿನ್ ಕಾಪಾಡುತ್ತೆ. ನಿಂತಿತೋ, ಆ ಕಣ್ಣಿಗೆ ಕಾಣದ ಮುಂಡೇವು ಲೋಳೆ ಹೊದ್ಕೊಂಡು ಸಂಸಾರ ಹೂಡ್ತವೆ, ಅಡಿಯಿಂದ ಲೋಹ ತಿಂತವೆ" ಅಂತ ಬೈದು ಬೈದು ಕಲಿಸಿದ್ದೀರಲ್ಲ. ಆದರೆ ಬಸಿಯುವ ವಾಲ್ವನ್ನು ಇಷ್ಟು ವರ್ಷ ತಿರುಗಿಸಿದ್ದು ನೀವೊಬ್ಬರೇ. ನಾನು ಸ್ಪ್ಯಾನರ್ ಎತ್ತಿಕೊಂಡೆ. ಪಂಪಿನ ಗುಂಡಣ್ಣ ಕೈ ಹಿಡಿದ.

"ಏಯ್ ತರಲೆ, ಇಡು ಕೆಳಗೆ. ಅವರಿರೋವಾಗ್ಲೇ ಅವರ ವಾಲ್ವಿಗೆ ಕೈ ಹಾಕ್ತೀಯಾ? ನಾಡಿದ್ದು ಬರ್ತಾರೆ, ಅವರೇ ತೆಗೀತಾರೆ."

ಇಟ್ಟೆ. ನಾಡಿದ್ದು ಹೋಗಿ ವಾರವಾಯಿತು, ವಾರ ಹೋಗಿ ತಿಂಗಳಾಯಿತು. ವಾಲ್ವ್ ಮುಟ್ಟಿದರೆ ನೀವು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಅನ್ನಿಸುತ್ತಿತ್ತು ಎಲ್ಲರಿಗೂ.

ಮೊನ್ನೆ ಕೂಲರಿನ ಮುಚ್ಚಳ ಬಿಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ. ಕಪ್ಪು ಲೋಳೆ ಒರೆಸಿದರೆ ಕೆಳಗೆ ಸೂಜಿಯಲ್ಲಿ ಚುಚ್ಚಿದ ಹಾಗೆ ತೂತುಗಳು. ಗುಂಡಣ್ಣ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು, "ಕೊಳಲು ಮಾಡ್ಕೊಂಡು ಊದಬಹುದು" ಅಂದ. ಯಾರೂ ನಗಲಿಲ್ಲ. ಅವನೇ ಮೊದಲು ಅತ್ತ.

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಸ ಕೊಳವೆ ಬರ್ತಾ ಇವೆ. ಇನ್ನೊಂದ್ಸಲ ಹೀಗೆ ಕಾಯೋಕಾಗಲ್ಲಮ್ಮ. ಚಿಕ್ಕಪ್ಪನ ಜಾಗಕ್ಕೆ ನಿನ್ನನ್ನೇ ಹಾಕೋಣ ಅಂತಿದ್ದೀನಿ" ಅಂದರು. ನಾನು ಸೆಟೆದು ನಿಂತು, "ಸಿಂಹಾಸನ ಖಾಲಿಯಾಗಿಲ್ಲ ಸಾರ್. ಪ್ರಭುಗಳು ದಂಡಯಾತ್ರೆಯಲ್ಲಿದ್ದಾರೆ" ಎಂದು ಘೋಷಿಸಿದೆ. ಅವರೂ ನಗಲಿಲ್ಲ.

ಆದ್ದರಿಂದ ಎರಡನೇ ಪ್ರಶ್ನೆಗೆ ಉತ್ತರ: ನಿಮ್ಮ ಜಾಗ ನಿಮ್ಮದೇ. ಬೇಗ ಹುಷಾರಾಗಿ ಬಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈಯಿರಿ. ಅಲ್ಲಿಯವರೆಗೆ ನರ್ಸಮ್ಮನ ಜೊತೆ ಜಗಳ ಬೇಡ. ನನ್ನನ್ನು ಅಲ್ಲಿಂದಲೇ ಹರಸಿ. ಕೈ ಎತ್ತಲಾಗದಿದ್ದರೆ ಒಂದು ಬೆರಳು ಸಾಕು.

ನಿಮ್ಮ ಹೆಡ್ಡ ಶಿಷ್ಯೆ,
ತರಲೆ

ಕವರು ಅಂಟಿಸುವ ಮೊದಲು: ಚಿಕ್ಕಪ್ಪ, ಈ ಶ್ವಾಸಕೋಶ ಇಟ್ಟುಕೊಂಡು ನೀವಿನ್ನು ಕ್ಲೋರಿನ್ ಕೋಣೆಯ ಹತ್ತಿರವೂ ಸುಳಿಯಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ನಿಮಗೆ ಹೇಳಲು ಚಿಕ್ಕಮ್ಮನಿಗೆ ಬಾಯಿ ಬರಲಿಲ್ಲ. ನನಗೂ ಮೇಲಿನ ಪುಟ ಮುಗಿಯುವವರೆಗೆ ಬರಲಿಲ್ಲ. ಇವತ್ತು ಬೆಳಿಗ್ಗೆ ಮ್ಯಾನೇಜರ್ ಹತ್ತಿರ, ಆ ಕೆಲಸ ನನಗೆ ಬೇಡ ಎಂದು ಖಡಾಖಂಡಿತವಾಗಿ ಹೇಳಲು ಹೋದವಳು, ಹೂಂ ಅಂದು ಬಂದೆ.