ಕಂಚಿನಲ್ಲಿ ಬಂದ ಮುಖ

ತ್ರಿಪ್ಪುಣಿತ್ತುರ
ಭಾನುವಾರ

ಪ್ರೀತಿಯ ಪರಮೇಶ್ವರಿ ಅಕ್ಕನಿಗೆ ನಮಸ್ಕಾರಗಳು.

ನೀನು ಆಸೆಪಟ್ಟು ಕೇಳಿದ್ದ ಅಮ್ಮನ ಮುಖ ನಿನ್ನೆ ಎರಕವಾಗಿ ಬಂತು. ವಕೀಲಿ ವೃತ್ತಿ ಬಿಟ್ಟ ಮೇಲೆ ಹೊತ್ತು ಕಳೆಯಲೆಂದು ಕಳಮಶ್ಶೇರಿಯ ಎರಕದ ಶೆಡ್ಡಿಗೆ ಹೋಗತೊಡಗಿದೆ. ನನ್ನ ಕೈಗೆ ಈ ವಿದ್ಯೆ ಒಲಿದೀತೆಂದು ಅರುವತ್ತು ದಾಟುವವರೆಗೆ ನನಗೇ ಗೊತ್ತಿರಲಿಲ್ಲ.

ಅಮ್ಮ ಹೋದಾಗ ನನಗೆ ಮೂರು ವರ್ಷ. ಫೋಟೋ ಒಂದೂ ಇಲ್ಲ. ಆದರೂ ಕಣ್ಣು ಮುಚ್ಚಿದರೆ, ಗಂಜಿ ಉಣಿಸಲು ನನ್ನತ್ತ ಬಾಗಿದ ಮುಖವೊಂದು ಕಾಣುತ್ತಿತ್ತು. ಅದನ್ನೇ ಮೇಣದಲ್ಲಿ ತಿದ್ದಿದೆ. ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೋದ ಜಾಗಕ್ಕೆ ಕಂಚು ಹೊಯ್ದೆವು.

ಮನೆಗೆ ತಂದು ಉಜ್ಜುತ್ತಿದ್ದಾಗ ಕೌಸಲ್ಯಾ ನೋಡಿದಳು. "ಇದು ನಮ್ಮ ಪರಮೇಶ್ವರಿ ಅತ್ತಿಗೆ ಅಲ್ವಾ ಮಾರಾಯ್ರೇ? ನಮ್ಮ ಮದುವೆ ಸಮಯದಲ್ಲಿ ಹೀಗೇ ಇದ್ರು," ಅಂದಳು.

ಗಂಜಿ ಉಣಿಸುತ್ತಿದ್ದವಳು ನೀನೇ ಅಲ್ಲವೇ ಅಕ್ಕಾ? ಅಮ್ಮನ ಮುಖ ನನ್ನಲ್ಲಿ ಉಳಿದೇ ಇಲ್ಲ.

ಅವಳನ್ನು ಕಂಡ ನೆನಪಿರುವುದು ಈಗ ನಿನಗೊಬ್ಬಳಿಗೇ. ಬರುವ ಶನಿವಾರ ಮೇಣ ತೆಗೆದುಕೊಂಡು ತಿರುವನಂತಪುರಕ್ಕೆ ಬರುತ್ತೇನೆ. ಹುಬ್ಬು ಹೇಗಿತ್ತು, ಗಲ್ಲ ಹೇಗಿತ್ತು ಎಂದು ನೀನು ಹೇಳುತ್ತಾ ಹೋಗು, ನಾನು ತಿದ್ದುತ್ತೇನೆ. ತುಂಬ ಹೊತ್ತು ಹಿಡಿದೀತು, ಮಂಡಿನೋವಿಗೆ ಒರಗು ಕುರ್ಚಿ ಹಾಕಿಸಿಕೋ.

ಈ ಮುಖವನ್ನು ಮಾತ್ರ ಕರಗಿಸುವುದಿಲ್ಲ. ಕೆಳಗೆ ಮೇಣದಲ್ಲೇ 'ಅಮ್ಮ' ಎಂದು ಬರೆದಿದ್ದೆ, ಅದೂ ಕಂಚಾಗಿ ಬಂದಿದೆ. ಉಜ್ಜಿ ತೆಗೆಯೋಣವೆಂದು ಅರ ಕೈಗೆತ್ತಿಕೊಂಡೆ. ಮನಸ್ಸಾಗಲಿಲ್ಲ, ಹಾಗೇ ಬಿಟ್ಟಿದ್ದೇನೆ.

ನಿನ್ನ ತಮ್ಮ,
ಹರಿನಾರಾಯಣ