ಚಕ್ರಕ್ಕೆ ಕೊಡುವ ಮರದ ತುಂಡು

ಮಾರ್ಚ್ 11, ಶನಿವಾರ. ಸಂಜೆ ಆರು.

ಬೆಳಿಗ್ಗೆ ಬೀನ್ಸ್ ಸೂಪ್ ಮಾಡಿಟ್ಟೆ. ಕಿಟಕಿ ಒರೆಸಿದೆ. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಅತ್ತೆಗೆ ಹೇಳಿ, ಎಡಿಯ ಜೊತೆ ಕಾರು ನೋಡಲು ಹೋದೆ.

ಡಾರಿಯೊ ತೀರಿಹೋಗಿ ಇನ್ನೂ ಎರಡು ತಿಂಗಳು. ಮನೆಯಲ್ಲಿ ರೇಡಿಯೊ ಹಚ್ಚುವಂತಿಲ್ಲ. ವರ್ಷ ತುಂಬುವವರೆಗೆ ಅತ್ತೆಗೂ ಕಪ್ಪು ಬಟ್ಟೆ, ನನಗೂ ಕಪ್ಪು. ಅವರಿಗಿದ್ದ ಮಗ ಅವನೊಬ್ಬನೇ. ನಾನು ಹೋಗಿ ಕೆಂಪು ಕಾರಿನಲ್ಲಿ ಕೂತು ಬಂದೆ.

ಮೇ ತಿಂಗಳ ಮೊದಲ ಭಾನುವಾರ ಗ್ರೋಬ್ನಿಕ್ ರೇಸ್ ಟ್ರ್ಯಾಕ್ ನಮ್ಮಂಥವರಿಗೆ ತೆರೆಯುತ್ತದೆ. ರೇಸ್ ಅಲ್ಲ. ಸ್ವಂತ ಕಾರು ತಂದು ಸುತ್ತು ಹೊಡೆಯುವುದು, ಅಷ್ಟೆ. ಡಾರಿಯೊ ಒಂದು ವರ್ಷವೂ ತಪ್ಪಿಸಲಿಲ್ಲ. ಕಾಯಿಲೆ ಬಿದ್ದು ಕ್ಲಚ್ ತುಳಿಯಲು ಕಾಲಿಗೆ ಬಲ ಸಾಲದಾದಾಗ ತಾನೇ ಕಾರು ಮಾರಿದ. ಆ ಸಂಜೆ ಹೇಳಿದ್ದ — "ಮುಂದಿನ ಸಲಕ್ಕೆ ಇನ್ನೊಂದು ತಗೊಳ್ಳೋಣ. ನೀನೇ ಓಡಿಸು. ನಾನು ಹೊರಗೆ ನಿಂತ್ಕೊಂಡು ಬೈತೀನಿ."

ಇವತ್ತು ನೋಡಿದ್ದು ಜಪಾನಿ ಗಾಡಿ. ಎರಡೇ ಸೀಟು, ಬಟ್ಟೆಯ ಛಾವಣಿ, ಮೂವತ್ತು ವರ್ಷದ ಮುದುಕಿ. ಎಡಿ ಡಾರಿಯೊನ ಗೆಳೆಯ, ಗ್ಯಾರೇಜ್ ಇಟ್ಟವನು. ಕೆಳಗೆ ತೂರಿ, ಟಾರ್ಚ್ ಬಿಟ್ಟು ನೋಡಿ ಎದ್ದ.

"ತುಕ್ಕು ಕಮ್ಮಿ. ಆದ್ರೆ ಅತ್ತಿಗೆ, ಇದ್ರಲ್ಲಿ ಏನಂದ್ರೆ ಏನೂ ಇಲ್ಲ. ಏರ್‌ಬ್ಯಾಗ್ ಇಲ್ಲ, ಕಂಪ್ಯೂಟರ್ ಇಲ್ಲ. ಜಾರಿದ್ರೆ ನೀನುಂಟು, ದೇವರುಂಟು."

ನಾನೇ ಓಡಿಸಿದೆ. ತಿರುವಿನಲ್ಲಿ ಗಾಡಿಯ ಹಿಂಭಾಗ ಸ್ವಲ್ಪ ಜಾರಿತು. ಸೀಟಿನಿಂದ ಬೆನ್ನಿಗೆ ತಿಳಿಯಿತು. ಸರಿಪಡಿಸಿದೆ. ನಕ್ಕುಬಿಟ್ಟೆ — ಜೋರಾಗಿ, ಹುಡುಗಿಯ ಹಾಗೆ. ಎಡಿ ತಿರುಗಿ ನೋಡಿದ. ನನ್ನ ಮೈಮೇಲೆ ಕಪ್ಪು ಸ್ವೆಟರ್ ಇತ್ತು.

ಮನೆ ಹತ್ತಿರ ಬಂದಾಗ ಕೆನ್ನೆಗೆ ಕೈ ಹಿಡಿದುಕೊಂಡೆ. ಹಲ್ಲುನೋವಿನವಳ ಹಾಗೆ. ಥೂ.

ಮಾರ್ಚ್ 14, ಮಂಗಳವಾರ.

ಶಾಲೆಯ ಅಡುಗೆಮನೆ ಕೆಲಸದಿಂದ ಬಂದಾಗ ಮೇಜಿನ ಮೇಲೆ ನನ್ನ ತಟ್ಟೆ ಬೇರೆಯಾಗಿ ಇತ್ತು. ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ, ಹಾಲು ಬೆರೆಸಿ ಮೆತ್ತಗೆ ಮಾಡಿದ್ದು. ಶನಿವಾರದಿಂದ ಇದೇ. "ಅಗಿಬೇಡ, ಹಾಗೇ ನುಂಗು," ಅನ್ನುತ್ತಾರೆ ಅತ್ತೆ. ಕೈಯ ಗಂಟುಗಳು ಊದಿಕೊಂಡಿವೆ. ಆದರೂ ನಿಂತು ತಿರುವುತ್ತಾರೆ.

ತಿಂದೆ. ಪೂರ್ತಿ.

ಮಾರ್ಚ್ 25, ಶನಿವಾರ. ಸಂಜೆ ಏಳು.

ಎರಡನೆಯ ಕಾರು. ಜರ್ಮನ್, ಎಂಟು ವರ್ಷದ್ದು. ಬಾಗಿಲು ಮುಚ್ಚಿದರೆ ಲೋಕವೇ ಮುಚ್ಚಿದ ಹಾಗೆ. ಅತ್ತೆಗೆ ಹೇಳಿದ್ದು ಮತ್ತೆ ಹಲ್ಲು.

ಮಾರುವವನು ಎದೆ ಮುಟ್ಟಿಕೊಂಡು ಹೇಳಿದ, ಈ ಗಾಡಿ ಟ್ರ್ಯಾಕಿನ ಮುಖವನ್ನೇ ಕಂಡಿಲ್ಲವೆಂದು. ಎಡಿ ಹೆಡ್‌ಲೈಟಿನ ಅಂಚನ್ನು ಉಗುರಿನಿಂದ ಕೆರೆದ. ಅಂಟು ಬಂತು. ಗಾಜು ಒಡೆದರೆ ಚೂರು ಟ್ರ್ಯಾಕಿಗೆ ಬೀಳದಿರಲೆಂದು ನಾವೆಲ್ಲ ಟೇಪ್ ಹಚ್ಚುತ್ತೇವಲ್ಲ, ಅದರ ಅಂಟು.

"ಇದೇನಣ್ಣಾ, ಗಾಡಿಗೆ ತಲೆನೋವು ಬಂದಿತ್ತಾ? ಪಟ್ಟಿ ಹಾಕಿದ್ರಾ?"

ಮಾರುವವನು ಕೆಂಪಾದ. ಸುಳ್ಳು ಸಿಕ್ಕಿಬಿದ್ದಾಗ ಮುಖ ಹೇಗಾಗುತ್ತದೆ ಎಂದು ಹತ್ತಿರದಿಂದ ನೋಡಿದೆ. ನಾನೂ ತಲೆ ತಗ್ಗಿಸಿದೆ.

ಗಾಡಿ ಮಾತ್ರ ಚೆನ್ನಾಗಿದೆ. ವೇಗ. ಜಾರುವ ಮೊದಲೇ ಅದಕ್ಕೆ ಗೊತ್ತಾಗುತ್ತದೆ, ತಾನೇ ಹಿಡಿದುಕೊಳ್ಳುತ್ತದೆ. ನನಗೆ ಏನೂ ಹೇಳುವುದಿಲ್ಲ. ಹ್ಯಾಂಡ್‌ಬ್ರೇಕ್ ಕೂಡ ಹಾಗೆಯೇ — ಎಳೆಯುವ ಹಿಡಿಕೆ ಇಲ್ಲ, ಗುಂಡಿ. ಎಂಜಿನ್ ನಿಂತರೆ ತಾನೇ ಕಚ್ಚಿಕೊಳ್ಳುತ್ತದೆ. ಅದೊಂದು ತೊಂದರೆ. ಟ್ರ್ಯಾಕಿನಿಂದ ಬಂದಾಗ ಬ್ರೇಕು ಕೆಂಡವಾಗಿರುತ್ತದೆ. ಆಗ ಹ್ಯಾಂಡ್‌ಬ್ರೇಕ್ ಎಳೆದು ಹಾಗೇ ಬಿಟ್ಟರೆ ಚಕ್ರದ ಡಿಸ್ಕ್ ಕೆಡುತ್ತದೆ. ಡಾರಿಯೊ ನ್ಯೂಟ್ರಲ್ಲಿಗೆ ತಂದು ಬ್ರೇಕ್ ತುಳಿದು ಕ್ಷಣ ಹೊತ್ತು ಕೂತಿರುತ್ತಿದ್ದ. ನಾನು ಓಡಿ ಚಕ್ರದ ಕೆಳಗೆ ಮರದ ತುಂಡು ಇಡುತ್ತಿದ್ದೆ. ಆಲಿವ್ ಮರದ್ದು, ಅವನೇ ಕೊಯ್ದದ್ದು. ಇಟ್ಟು ಬಾನೆಟ್ ತಟ್ಟಿದರೆ ಇಳಿಯುತ್ತಿದ್ದ. ಅಷ್ಟು ವರ್ಷ ಅಲ್ಲಿ ನನ್ನ ಕೆಲಸ ಅದೊಂದೇ.

"ಡಿಸ್ಕ್ ಹಾಳಾಗ್ಲಿ ಬಿಡು, ಹೊಸದು ಹಾಕ್ಕೊಡ್ತೀನಿ," ಎಂದ ಎಡಿ. "ಅತ್ತಿಗೆ, ಇದನ್ನೇ ತಗೋ. ನಿಂಗೇನಾದ್ರೂ ಆದ್ರೆ ಮನೇಲಿರೋ ಆ ಮುದುಕಿಗೆ ನಾನೇನು ಹೇಳ್ಲಿ?"

ಸರಿ ಅನ್ನಬೇಕಿತ್ತು. ಹಳೆಯದನ್ನು ಇನ್ನೊಮ್ಮೆ ಓಡಿಸಿ ನೋಡುತ್ತೇನೆ ಅಂದೆ. ಆ ನಗು ಮತ್ತೆ ಬರುತ್ತದೋ ಎಂದು. ಬೇರೆ ಕಾರಣವಿಲ್ಲ.

ಏಪ್ರಿಲ್ 2, ಗರಿಗಳ ಭಾನುವಾರ.

ಹೇಗೆ ಬರೆಯಲಿ.

ಅತ್ತೆ ಹಬ್ಬದ ಪೂಜೆಗೆ ಚರ್ಚಿಗೆ ಹೋಗಿದ್ದರು. ತಲೆನೋವೆಂದು ಉಳಿದೆ. ಎಡಿ ಕೆಂಪು ಕಾರು ಕೇಳಿ ತಂದು ಬಿಟ್ಟುಹೋದ. ಬೂದು ಸ್ವೆಟರ್ ಹಾಕಿಕೊಂಡೆ. ಬೆಟ್ಟದ ಮೇಲಕ್ಕೆ ಹೋಗಿ ಜೋರಾಗಿ ಇಳಿದೆ, ತಿರುವು ತಿರುವಿಗೂ ಬ್ರೇಕ್ ಒತ್ತಿ. ಕಾದ ವಾಸನೆ ಬಂತು. ಸ್ಮಶಾನದ ಮುಂದೆ ನಿಲ್ಲಿಸಿದೆ. ಡಾರಿಯೊಗೆ ತೋರಿಸಬೇಕು ಅನ್ನಿಸಿತು. ಹುಚ್ಚು.

ಬ್ರೇಕು ಬಿಸಿ. ಹಾಗಾಗಿ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ನ್ಯೂಟ್ರಲ್ಲಿಗೆ ತಂದು ಇಳಿದೆ. ನೆಲ ಸಮವಾಗಿದೆ ಎಂದುಕೊಂಡೆ. ಯಾರೋ ತುಂಡು ಇಡುತ್ತಾರೆ ಎಂಬಂತೆ ಇಳಿದೆ. ಇಡುವವಳು ನಾನೇ ಅಲ್ಲವೇ.

ಸಮಾಧಿಯ ಹತ್ತಿರ ಇದ್ದಾಗ ಬೂರಾ ಬೀಸಿತು — ಬೆಟ್ಟದಿಂದ ಇಳಿಯುವ ಆ ಗಾಳಿ, ಒಂದೇ ಏಟು. ತಿರುಗಿ ನೋಡಿದರೆ ಕಾರು ಹೊರಟಿದೆ. ನಿಧಾನ. ಯಾರೋ ಕೂತು ಓಡಿಸುತ್ತಿರುವ ಹಾಗೆ. ಓಡಿದೆ. ಹಿಡಿಯಲಾಗಲಿಲ್ಲ. ಓಣಿಯಲ್ಲಿ ಇಳಿದು ಚರ್ಚಿನ ಅಂಗಳಕ್ಕೆ ಹೋಯಿತು. ಪೂಜೆ ಬಿಟ್ಟಿತ್ತು. ಜನರೆಲ್ಲ ಪೂಜೆಯಲ್ಲಿ ಹರಸಿದ ಆಲಿವ್ ಕೊಂಬೆ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಎರಡು ಪಾಲಾಗಿ ದಾರಿ ಬಿಟ್ಟರು. ಕಾರು ನಡುವೆ ಹಾದು ಗೋಡೆಗೆ ಮೂತಿ ಕೊಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಂಪರ್ ಒಡೆಯಿತು.

"ಯಾರದ್ರೀ ಇದು?"

"ಅಯ್ಯೋ, ಡಾರಿಯೊನ ನೆವೆಂಕಾ ಅಲ್ವಾ?"

"ಮಣ್ಣು ಇನ್ನೂ ಹಸಿ ಇದೆ, ಇವಳಿಗೆ ಕೆಂಪು ಕಾರು ಬೇಕಾಯ್ತಾ!"

ಮೇಲಿನ ಮೆಟ್ಟಿಲಲ್ಲಿ ಅತ್ತೆ. ಅಡಿಯಿಂದ ಮುಡಿವರೆಗೆ ಕಪ್ಪು. ನನ್ನ ಬೂದು ಸ್ವೆಟರ್ ನೋಡಿದರು. ಕಾರು ನೋಡಿದರು.

"ಹಲ್ಲು ಹೇಗಿದೆ, ಮಗಳೇ?"

ಎಲ್ಲರೆದುರು. ಮೆತ್ತಗೆ ಕೇಳಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಏಪ್ರಿಲ್ 9, ಈಸ್ಟರ್.

ಹ್ಯಾಮ್, ಮೊಟ್ಟೆ, ಸಿಹಿ ಬ್ರೆಡ್. ಇಬ್ಬರೇ.  ಅತ್ತೆ ನನ್ನ ಮುಂದೆ ಬ್ರೆಡ್ಡಿನ ಗಟ್ಟಿ ಅಂಚನ್ನು ಇಟ್ಟರು.

ಏಪ್ರಿಲ್ 13.

ಎಡಿ ಬಂಪರ್ ಹಾಕಿದ. "ಜರ್ಮನ್ ಗಾಡಿ ಆಗಿದ್ರೆ ತಾನೇ ಬ್ರೇಕ್ ಹಾಕ್ಕೊಂಡಿರ್ತಿತ್ತು. ನಿನ್ ಮಾನ ಉಳೀತಿತ್ತು," ಎಂದ. ನಿಜ. ಎರಡೂ ಬೇಡ, ಟ್ರ್ಯಾಕೂ ಬೇಡ ಎಂದೆ. ಅವನು ಪಾನಾ ಒರೆಸುತ್ತ ನಿಂತ.

ಏಪ್ರಿಲ್ 29, ಶನಿವಾರ. ಮಧ್ಯಾಹ್ನ.

ಬರೆದು ಎಷ್ಟೋ ದಿನವಾಯಿತು. ಬರೆಯುವಂಥದ್ದು ಇರಲಿಲ್ಲ.

ಇವತ್ತು ಅತ್ತೆ ನೆಲಮಾಳಿಗೆಯಿಂದ ಬಂದರು, ಏದುಸಿರು ಬಿಡುತ್ತ. ಮೇಜಿನ ಮೇಲೆ ಆಲಿವ್ ಮರದ ತುಂಡು ಇಟ್ಟರು. ತೊಳೆದಿದ್ದರು.

"ಇದೇನು? ಅವನು ಇದನ್ನ ಯಾಕೆ ಅಷ್ಟು ಜೋಪಾನವಾಗಿ ಇಟ್ಕೊಂಡಿದ್ದ?"

ಹೇಳಿದೆ. ಬಿಸಿ ಬ್ರೇಕು, ತುಂಡು, ಬಾನೆಟ್ ತಟ್ಟುವುದು. ಹಲ್ಲಿನ ವಿಷಯವನ್ನೂ ಹೇಳಿದೆ. ಕಾರಿನಲ್ಲಿ ನಕ್ಕದ್ದನ್ನೂ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

"ಒಂದು ವಾರ ಪೊಲೆಂಟಾ ತಿರುವಿದೆನಲ್ಲೇ ನಾನು. ಈ ಕೈಯಲ್ಲಿ."

"ತಪ್ಪಾಯ್ತು ಅತ್ತೆ."

"ಆ ಇನ್ನೊಂದು ಗಾಡಿ ತಾನೇ ನಿಂತ್ಕೊಳ್ಳುತ್ತಂತೆ. ಎಡಿ ಬಂದು ಹೇಳ್ದ."

"ಹೌದು. ಅದೇ ಒಳ್ಳೇದು. ಅದಕ್ಕೆ ಯಾರೂ ಬೇಕಾಗಿಲ್ಲ."

ತುಂಡನ್ನು ತಿರುಗಿಸಿ ನೋಡಿದರು. ಚಕ್ರ ಉಜ್ಜಿ ಕಪ್ಪಾದ ಕಡೆ ಹೆಬ್ಬೆರಳು ಆಡಿಸಿದರು.

"ಯಾವ ಕಡೆ ಇಡೋದು? ಮುಂದಕ್ಕಾ, ಹಿಂದಕ್ಕಾ?"

ಮೇ 6, ಶನಿವಾರ. ಸಂಜೆ ಐದು.

ಕೆಂಪು ಗಾಡಿಯನ್ನೇ ಕೊಂಡೆ. ಅಂಗಳದಲ್ಲಿದೆ. ಹೆಡ್‌ಲೈಟಿಗೆ ಟೇಪ್ ಹಚ್ಚಿದೆ. ಎದುರು ಮನೆಯವರು ಪರದೆ ಸರಿಸಿ ನೋಡಿದರು. ಮುಖ ಬಿಸಿಯಾಯಿತು. ಆದರೂ ಹಚ್ಚಿ ಮುಗಿಸಿದೆ.

ಅತ್ತೆ ತುಂಡು ಇಡುವುದನ್ನು ಮೂರು ಸಲ ಅಭ್ಯಾಸ ಮಾಡಿದರು. ಬಗ್ಗಲು ಕಷ್ಟ, ಕಾಲಿನಿಂದ ತಳ್ಳುತ್ತಾರೆ. ಬಾನೆಟ್ ತಟ್ಟುವುದು ಮಾತ್ರ ತುಸು ಜೋರು. "ನಾನು ತಟ್ಟೋಕ್ ಮುಂಚೆ ಬ್ರೇಕಿಂದ ಕಾಲು ತೆಗೆದ್ಯೋ, ನೋಡು!" ಎಂದರು. ಕಪ್ಪು ಬಿಡುವಂತಿಲ್ಲ, ಅದು ಅವರ ಷರತ್ತು. ಹೆಲ್ಮೆಟ್ಟಿನ ಕೆಳಗೂ ಕಪ್ಪು ಸ್ವೆಟರ್.

ನಕ್ಕರೆ ಏನು ಮಾಡಲಿ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ...

ನಾಳೆ ಟ್ರ್ಯಾಕಿನ ಗೇಟು ಎಂಟಕ್ಕೆ ತೆರೆಯುತ್ತದೆ.